ಮುಟ್ಟಿಗೆ ಮುಂಚಿನ ವಾರ ಕನ್ನಡಿ ಹೇಳುವುದೆಲ್ಲ ನಿಜವಾ?

ಪ್ರಶ್ನೆ: ನನಗೆ 26 ವರ್ಷ. ಊರು ಶಿರಸಿ ಹತ್ತಿರ, ಪೇಟೆಗೆ ಕೆಲಸಕ್ಕೆ ಹೋಗುತ್ತೇನೆ. ಪ್ರತಿ ತಿಂಗಳು ಮುಟ್ಟಿಗೆ ಒಂದು ವಾರ ಮುಂಚೆ ನನ್ನ ಮೈ ನನಗೇ ಬೇಡ ಅನಿಸುತ್ತದೆ. ಹೊಟ್ಟೆ ಉಬ್ಬುತ್ತದೆ, ಚೂಡಿದಾರ್ ಬಿಗಿಯಾಗುತ್ತದೆ, ಮುಖ ದಪ್ಪ ಕಾಣುತ್ತದೆ. ಯಾರಾದರೂ ಫೋಟೋ ತೆಗೆಯಲು ಬಂದರೆ ಹಿಂದೆ ಸರಿಯುತ್ತೇನೆ. ಎರಡು ದಿನ ರಾತ್ರಿ ಊಟ ಬಿಡುತ್ತೇನೆ, ಮೂರನೇ ದಿನ ಸಿಕ್ಕಿದ್ದೆಲ್ಲ ತಿನ್ನುತ್ತೇನೆ. ಮುಟ್ಟು ಮುಗಿದ ಮೇಲೆ ಅದೇ ಕನ್ನಡಿಯಲ್ಲಿ ಚೆನ್ನಾಗೇ ಕಾಣುತ್ತೇನೆ. ನಾನು ನಿಜವಾಗಿ ದಪ್ಪ ಆಗುತ್ತೇನಾ, ಇಲ್ಲಾ ಎಲ್ಲ ನನ್ನ ತಲೆಯಲ್ಲೇ ಇದೆಯಾ? ಅಮ್ಮ "ಎಲ್ಲರಿಗೂ ಆಗೂದೇ, ಸುಮ್ನಿರು" ಅಂತಾಳೆ. ಏಪ್ರಿಲ್‌ನಲ್ಲಿ ಹೊನ್ನಾವರದಲ್ಲಿ ಅಣ್ಣನ ಮದುವೆ. ನನ್ನ ಡೇಟ್ ಸರಿಯಾಗಿ ಅದೇ ದಿನಕ್ಕೆ ಬರುವ ಹಾಗಿದೆ. ಮುಂದೆ ಹಾಕುವ ಮಾತ್ರೆ ತಗೋ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ಎರಡರಲ್ಲಿ ಯಾವುದು ನಿಜ ಎಂದು ಕೇಳಿದ್ದೀರಿ. ಎರಡೂ ನಿಜ. ಆ ವಾರ ನಿಮ್ಮ ಮೈ ಒಂಚೂರು ಬದಲಾಗುತ್ತದೆ. ಅದನ್ನು ನೋಡುವ ನಿಮ್ಮ ಕಣ್ಣು ಅದಕ್ಕಿಂತ ಜಾಸ್ತಿ ಬದಲಾಗುತ್ತದೆ. ಘಟ್ಟದ ಮೇಲೂ ಕೆಳಗೂ ಸ್ತ್ರೀರೋಗ ವೈದ್ಯೆಯಾಗಿ ಕೆಲಸ ಮಾಡಿದ್ದೇನೆ. ಈ ಪ್ರಶ್ನೆಯನ್ನು ಹುಡುಗಿಯರು ನೇರ ಕೇಳುವುದು ಕಡಿಮೆ. ಹೊಟ್ಟೆನೋವು, ಬಿಳಿಸೆರಗು ಎಂದು ಬಂದು, ಎಲ್ಲ ಮುಗಿದು ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ. ನೀವು ಮೊದಲೇ ಕೇಳಿದ್ದೀರಿ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಮೊದಲು ಮೈ ವಿಷಯ. ರಕ್ತ ಕಾಣಿಸಿದ ದಿನವನ್ನು ಒಂದನೇ ದಿನ ಎಂದು ಎಣಿಸಿ. 28 ದಿನದ ಚಕ್ರವಾದರೆ ಸುಮಾರು 14ನೇ ದಿನ ಅಂಡಾಣು ಹೊರಗೆ ಬರುತ್ತದೆ. 28 ಎನ್ನುವುದು ಲೆಕ್ಕಕ್ಕೆ ಅಷ್ಟೆ. ದೊಡ್ಡವರಲ್ಲಿ 21ರಿಂದ 35 ದಿನದೊಳಗೆ ಬಂದರೆ ಚಿಂತೆಯಿಲ್ಲ. ಮೊದಲ ಅರ್ಧದಲ್ಲಿ ಈಸ್ಟ್ರೋಜನ್ ಏರುತ್ತ ಹೋಗುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ, ಒಂದು ವಾರದಲ್ಲಿ ತುದಿ ತಲುಪುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಹಾರ್ಮೋನ್ ಇಳಿದುಹೋಗುತ್ತವೆ, ಮುಟ್ಟು ಬರುತ್ತದೆ. ನಿಮ್ಮನ್ನು ಕಾಡುವ ವಾರ ಈ ಇಳಿಯುವ ಹೊತ್ತಿನದು.

ಪ್ರೊಜೆಸ್ಟರಾನ್ ಕರುಳನ್ನು ನಿಧಾನ ಮಾಡುತ್ತದೆ. ಗ್ಯಾಸ್ ನಿಲ್ಲುತ್ತದೆ, ಹೊಟ್ಟೆ ಸರಿಯಾಗಿ ಖಾಲಿಯಾಗುವುದಿಲ್ಲ. ಎದೆ ತುಂಬಿಕೊಂಡು ನೋಯುತ್ತದೆ. ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೈ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿರುತ್ತದೆ. ಶಿರಸಿಯ ತಂಪಿನಲ್ಲಿ ಇದು ಅಷ್ಟು ಗೊತ್ತಾಗಲಿಕ್ಕಿಲ್ಲ. ಘಾಟಿ ಇಳಿದು ಕರಾವಳಿಗೆ ಬನ್ನಿ. ಏಪ್ರಿಲ್ ಸೆಕೆಯಲ್ಲಿ ಯಾರಿಗಾದರೂ ಬೆರಳು, ಪಾದ ಸ್ವಲ್ಪ ಊದಿಕೊಳ್ಳುತ್ತವೆ. ಅದರ ಜೊತೆ ಈ ವಾರವೂ ಸೇರಿದರೆ ಉಂಗುರ ಬಿಗಿ, ಚಪ್ಪಲಿ ಬಿಗಿ.

ತೂಕ ನೋಡಿದರೆ ಅರ್ಧ ಕಿಲೋ, ಕೆಲವರಿಗೆ ಒಂದೆರಡು ಕಿಲೋ ಜಾಸ್ತಿ ತೋರಿಸಬಹುದು. ಅದು ನೀರು, ಮತ್ತೆ ಕರುಳಲ್ಲಿ ನಿಂತದ್ದು. ಒಂದು ಕಿಲೋ ಕೊಬ್ಬು ಸೇರಬೇಕಾದರೆ ಖರ್ಚಿಗಿಂತ ಸುಮಾರು 7700 ಕ್ಯಾಲೊರಿ ಜಾಸ್ತಿ ತಿಂದಿರಬೇಕು. ಮೂರು ದಿನದಲ್ಲಿ ಬಂದು ಐದು ದಿನದಲ್ಲಿ ಹೋಗುವುದು ಕೊಬ್ಬಲ್ಲ. ಹಸಿ ಅಡಿಕೆ ತೂಗಿ, ಈ ವರ್ಷ ಬೆಳೆ ಜಾಸ್ತಿ ಬಂತು ಎಂದು ನಿಮ್ಮ ಮನೆಯಲ್ಲಿ ಯಾರೂ ಲೆಕ್ಕ ಬರೆಯುವುದಿಲ್ಲ ಅಲ್ವಾ? ಆ ವಾರದ ತೂಕವೂ ಹಾಗೇ.

ಕೆನಡಾದಲ್ಲಿ 62 ಹೆಂಗಸರು ಒಂದು ವರ್ಷ ದಿನಾ ತಮ್ಮ ಮೈ ಊತವನ್ನು ಬರೆದಿಟ್ಟರು. ಆ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಊತ ಅತಿ ಜಾಸ್ತಿ ಇದ್ದದ್ದು ರಕ್ತ ಶುರುವಾದ ಮೊದಲ ದಿನ. ಆಮೇಲೆ ಬೇಗ ಇಳಿಯಿತು. ಮುಟ್ಟು ಮುಗಿದ ಮೇಲೆ ಕನ್ನಡಿ ನಿಮಗೆ ಒಳ್ಳೆಯದನ್ನು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಕಣ್ಣಿನ ವಿಷಯ. ನನಗೆ ಇದೇ ಮುಖ್ಯ ಅನಿಸುತ್ತದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಟ್ಟಿಗೆ ಮುಂಚೆ ತೊಂದರೆ ಆಗುತ್ತದೆ ಎಂದು ಬಂದ ಹೆಂಗಸರ ತೂಕ, ಹೊಟ್ಟೆಯ ಅಳತೆ ಎಲ್ಲ ತೆಗೆದುಕೊಂಡರು. ಜೊತೆಗೆ, ನಿಮ್ಮ ಮೈ ಎಷ್ಟು ಅಗಲ ಇದೆ ಅನಿಸುತ್ತದೆ ಎಂದೂ ಕೇಳಿದರು. ಅಳತೆಯಲ್ಲಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಅವರ ಅಂದಾಜು ಮಾತ್ರ ಮುಟ್ಟಿಗೆ ಮುಂಚೆ ಅಗಲವಾಯಿತು. ಆಮೇಲೂ ಇಂಥ ಅಧ್ಯಯನಗಳು ನಡೆದಿವೆ. ತಮ್ಮ ಮೈ ಬಗ್ಗೆ ಬೇಸರ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮತ್ತು ಮುಟ್ಟಿನ ದಿನಗಳಲ್ಲಿ ಜಾಸ್ತಿ, ಚಕ್ರದ ಮಧ್ಯದಲ್ಲಿ ಕಡಿಮೆ ಎನ್ನುವುದು ಮತ್ತೆ ಮತ್ತೆ ಕಂಡಿದೆ.

ಇದನ್ನು ಕೇಳಿ "ಹಾಗಾದರೆ ಎಲ್ಲ ನನ್ನ ಭ್ರಮೆ" ಎಂದುಕೊಳ್ಳಬೇಡಿ. ಏನಾಗುತ್ತದೆ ನೋಡಿ. ಹೊಟ್ಟೆ ಬಿಗಿ, ಎದೆ ಭಾರ, ಸೊಂಟದಲ್ಲಿ ಜಗ್ಗಿದ ಹಾಗೆ. ಮೈ ಒಳಗಿನಿಂದ ಕಳಿಸುವ ಈ ಸುದ್ದಿ ನಿಜ. ಬೇರೆ ದಿನ ಹೊಟ್ಟೆ ಇದೆ ಎನ್ನುವುದೇ ನಿಮಗೆ ನೆನಪಿರುವುದಿಲ್ಲ. ಆ ವಾರ ಅದು ಬೆಳಿಗ್ಗೆಯಿಂದ ಸಂಜೆ ತನಕ ತನ್ನ ಕಡೆ ಕರೆಯುತ್ತಿರುತ್ತದೆ. ಅದೇ ಹೊತ್ತಿಗೆ ಮನಸ್ಸೂ ಸೂಕ್ಷ್ಮವಾಗಿರುತ್ತದೆ. ಪ್ರೊಜೆಸ್ಟರಾನ್ ಒಡೆದು ಹುಟ್ಟುವ ಅಲೋಪ್ರೆಗ್ನನೊಲೋನ್ ಎಂಬ ವಸ್ತು ಮಿದುಳನ್ನು ಶಾಂತ ಮಾಡಬೇಕು. ಕೆಲವರ ಮಿದುಳು ಅದರ ಏರಿಳಿತಕ್ಕೆ ತಿರುಗಾ ಮುರುಗಾ ಸ್ಪಂದಿಸುತ್ತದೆ. ಸಿಡಿಮಿಡಿ, ಅಳು, ತನ್ನ ಮೇಲೇ ಸಿಟ್ಟು ಬರುತ್ತದೆ. ಆ ಮನಸ್ಸಿನಲ್ಲಿ ಕನ್ನಡಿ ಮುಂದೆ ನಿಂತರೆ "ಹೊಟ್ಟೆ ಬಿಗಿಯಾಗಿದೆ" ಎಂಬ ಸುದ್ದಿ "ನಾನು ದಪ್ಪ, ಅಸಹ್ಯ" ಎಂಬ ತೀರ್ಪಾಗುತ್ತದೆ. ಕ್ಷಣದಲ್ಲಿ ಆಗುತ್ತದೆ, ಆದದ್ದೇ ಗೊತ್ತಾಗುವುದಿಲ್ಲ. ಹಸಿವು, ದಣಿವು, ಎದೆಬಡಿತದಂಥ ಒಳಗಿನ ಸುದ್ದಿಯನ್ನು ಇದು ಇಂಥದ್ದು ಎಂದು ಸರಿಯಾಗಿ ಗುರುತಿಸಲು ಬಾರದವರಲ್ಲಿ ಮೈ ಬಗ್ಗೆ ಬೇಸರ ಜಾಸ್ತಿ ಇರುವುದನ್ನು ಸಂಶೋಧಕರೂ ಗಮನಿಸಿದ್ದಾರೆ. ನೀವು ಕಲಿಯಬೇಕಾದದ್ದೂ ಇದನ್ನೇ: ಸುದ್ದಿಯನ್ನು ಸುದ್ದಿಯಾಗಿ ಕೇಳುವುದು, ತೀರ್ಪು ಮಾಡದೆ.

ಅದು ಕಷ್ಟ. ಯಾಕೆಂದರೆ ತೀರ್ಪು ನಾವೇ ಹುಟ್ಟಿಸಿದ್ದಲ್ಲ. ನಿಮ್ಮ ಕಡೆಯ ಮನೆಗಳ ಪದ್ಧತಿ ನನಗೆ ಚೆನ್ನಾಗಿ ಗೊತ್ತು. ಎಲ್ಲ ಮನೆಯಲ್ಲಿ ಇಲ್ಲ, ಮೊದಲಿನಷ್ಟೂ ಇಲ್ಲ, ಆದರೆ ಹೋಗಿಲ್ಲ. ಮೂರು ದಿನ ಹೊರಗೆ. ಬೇರೆ ಚಾಪೆ, ಬೇರೆ ತಟ್ಟೆ. ಸಣ್ಣ ಮಕ್ಕಳು ಬಂದು ಕೇಳಿದರೆ "ಕಾಗೆ ಮುಟ್ಟಿದೆ, ಹತ್ತಿರ ಬರಬೇಡ" ಎನ್ನುವುದು. ನಾಲ್ಕನೇ ದಿನ ತಲೆಸ್ನಾನ ಮಾಡಿ ಒಳಗೆ. ಎಷ್ಟೋ ಅಜ್ಜಿಯರು ಇದರಿಂದ ಮೂರು ದಿನವಾದರೂ ಒಲೆ, ಕೊಟ್ಟಿಗೆಯಿಂದ ಬಿಡುವು ಸಿಗುತ್ತಿತ್ತು ಎನ್ನುತ್ತಾರೆ. ಅದು ಸುಳ್ಳಲ್ಲ. ಕೂಡು ಕುಟುಂಬದ ದುಡಿತದಲ್ಲಿ ಆ ಬಿಡುವು ದೊಡ್ಡದೇ. ಆದರೆ 12 ವರ್ಷದ ಹುಡುಗಿ ಅದರಿಂದ ಕಲಿಯುವುದು ಬಿಡುವನ್ನಲ್ಲ. ತನ್ನ ಮೈ ಕೆಲವು ದಿನ ಮುಟ್ಟಬಾರದ ವಸ್ತು ಎಂದು ಕಲಿಯುತ್ತಾಳೆ. 26ನೇ ವರ್ಷದಲ್ಲಿ ಅದೇ ದಿನಗಳಲ್ಲಿ ಕನ್ನಡಿ ನೋಡಿ ಅಸಹ್ಯ ಪಟ್ಟುಕೊಂಡರೆ ಆಶ್ಚರ್ಯ ಏನಿದೆ? ಬಿಡುವು ಬೇಕು ಎಂದರೆ ಬಿಡುವನ್ನೇ ಕೊಡೋಣ. ಅದಕ್ಕೆ ಬೇರೆ ತಟ್ಟೆ ಯಾಕೆ?

ಇದು ನಮ್ಮೂರಿನದು ಮಾತ್ರ ಎಂದೂ ತಿಳಿಯಬೇಡಿ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞೆ ಟೋಮಿ ಆ್ಯನ್ ರಾಬರ್ಟ್ಸ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ಮಾಡಿ 2002ರಲ್ಲಿ ಪ್ರಕಟಿಸಿದರು. ಒಬ್ಬ ಹುಡುಗಿ ತನ್ನ ಬ್ಯಾಗಿನಿಂದ ಗೊತ್ತಿಲ್ಲದೆ ಬೀಳಿಸಿದ ಹಾಗೆ ಒಂದು ವಸ್ತು ಬೀಳಿಸುತ್ತಾಳೆ. ಕೆಲವರ ಮುಂದೆ ಕೂದಲ ಕ್ಲಿಪ್. ಇನ್ನು ಕೆಲವರ ಮುಂದೆ ಟ್ಯಾಂಪೂನ್, ಅಂದರೆ ಮುಟ್ಟಿನಲ್ಲಿ ಒಳಗೆ ಇಟ್ಟುಕೊಳ್ಳುವ ಹತ್ತಿಯ ಸುರುಳಿ. ಕಾಗದವನ್ನೂ ಬಿಚ್ಚಿರದ ಟ್ಯಾಂಪೂನ್. ಅದನ್ನು ಕಂಡವರು ಆ ಹುಡುಗಿ ಅಷ್ಟು ಚುರುಕಲ್ಲ ಎಂದರು, ಅಷ್ಟು ಇಷ್ಟವಾಗಲಿಲ್ಲ ಎಂದರು. ಅವಳಿಂದ ಸ್ವಲ್ಪ ದೂರವೇ ಕೂತರು. ಅವರಲ್ಲಿ ಹೆಂಗಸರೂ ಇದ್ದರು. ಇನ್ನೊಂದನ್ನು ಓದಿದಾಗ ನನಗೆ ಬಹಳ ಬೇಜಾರಾಯಿತು. ಮುಟ್ಟಿನ ನೆನಪಾದ ಕೂಡಲೇ ಅವರೆಲ್ಲ, ಒಟ್ಟಾರೆ ಹೆಂಗಸರಿಗೆ ನೋಟ ಮುಖ್ಯ, ಮೈ ಅಂದವಾಗಿರಬೇಕು ಎನ್ನುವುದಕ್ಕೆ ಜಾಸ್ತಿ ಬೆಲೆ ಕೊಟ್ಟರು. ರಕ್ತ ಬರುವ ಮೈಯ ನೆನಪನ್ನು ಮುಚ್ಚಲು ಅಂದದ ಮೈ ಬೇಕಾಯಿತು. ನೀವು ಮುಟ್ಟು ಹತ್ತಿರ ಬಂದಂತೆ ಕನ್ನಡಿ ನೋಡಿ ಬೇಸರ ಪಡುವುದನ್ನು, ಫೋಟೋದಿಂದ ಹಿಂದೆ ಸರಿಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಎಲ್ಲರಿಗೂ ಅಲ್ಲದಿದ್ದರೂ ತುಂಬಾ ಜನರಿಗೆ ಆಗುತ್ತದೆ. ಆದರೆ ಸುಮ್ಮನಿರಬೇಕಾಗಿಲ್ಲ.

ಈಗ ಮಾಡುವುದೇನು? ಮುಂದಿನ ಎರಡು ಚಕ್ರ ಒಂದು ನೋಟ್‌ಬುಕ್ ಇಡಿ. ಫೋನಿನ ಆ್ಯಪ್ ಆದರೂ ಆಗುತ್ತದೆ, ಆದರೆ ಬರೆಯುವುದೇ ಒಳ್ಳೆಯದು ಎಂದು ನನ್ನ ಅನುಭವ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಆ ದಿನ ಮೈಯಲ್ಲಿ ಏನನಿಸಿತು ಎನ್ನುವುದು ಮಾತ್ರ: ಎದೆ ನೋವು, ಹೊಟ್ಟೆ ಬಿಗಿ, ಕಾಲು ಭಾರ, ಹಸಿವು ಜಾಸ್ತಿ, ನಿದ್ದೆ ಇಲ್ಲ. ಬಲಕ್ಕೆ ನಿಮ್ಮ ಬಗ್ಗೆ ನೀವೇ ಹೇಳಿಕೊಂಡ ಮಾತು, ಅದು ಎಷ್ಟೇ ಕಹಿಯಾಗಿರಲಿ. ದಿನಾ ರಾತ್ರಿ ಎರಡು ಸಾಲು ಸಾಕು. ಚೆನ್ನಾಗಿದ್ದ ದಿನವೂ ಬರೆಯಿರಿ, ಅದನ್ನು ಬಿಟ್ಟರೆ ಉಪಯೋಗವಿಲ್ಲ. ಎರಡು ತಿಂಗಳಾದ ಮೇಲೆ ತಿರುಗಿ ಓದಿ. ಎಡಗಡೆ ಸ್ವಲ್ಪ ಬದಲಾದ ದಿನ ಬಲಗಡೆ ಎಷ್ಟು ಬದಲಾಗಿದೆ ಎಂದು ನಿಮಗೇ ಕಾಣುತ್ತದೆ. ಯಾವ ದಿನ ಶುರು, ಯಾವ ದಿನ ಮುಗಿಯುತ್ತದೆ ಎನ್ನುವುದೂ ಸಿಗುತ್ತದೆ. ಮುಂದೆ ಯಾವುದೇ ವೈದ್ಯರ ಬಳಿ ಹೋದರೂ ಈ ನೋಟ್‌ಬುಕ್ ಬೇಕಾಗುತ್ತದೆ.

ಆ ದಿನಗಳು ಗೊತ್ತಾದ ಮೇಲೆ ಆ ವಾರ ತೂಕ ನೋಡಬೇಡಿ. ಸಡಿಲ ಬಟ್ಟೆ ಎರಡು ಜೊತೆ ಬೇರೆಯೇ ಇಡಿ. ಅವೂ ನಿಮಗೆ ಇಷ್ಟವಾದ ಬಣ್ಣದ್ದೇ ಆಗಿರಲಿ, ಶಿಕ್ಷೆಗೆ ಹಾಕಿಕೊಂಡ ಹಾಗೆ ಹಳೆಯದಲ್ಲ. ಬಿಗಿ ಬಟ್ಟೆ ದಿನವಿಡೀ ಹೊಟ್ಟೆಯನ್ನು ನೆನಪಿಸುತ್ತಿರುತ್ತದೆ.

ಇನ್ನೊಂದು ಅಭ್ಯಾಸ ಇದೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕಿ ಜೆಸಿಕಾ ಅಲೀವಾ ಮತ್ತು ಸಂಗಡಿಗರು 2015ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ತಮ್ಮ ಮೈ ಬಗ್ಗೆ ಬೇಸರ ಇದ್ದ 18ರಿಂದ 30 ವರ್ಷದ ಹೆಂಗಸರಿಗೆ ಮೂರು ಸಲ ಬರೆಯಲು ಕೊಟ್ಟರು. ಮೈ ಹೇಗೆ ಕಾಣುತ್ತದೆ ಎಂದಲ್ಲ, ಮೈ ನನಗೆ ಏನೇನು ಮಾಡಿಕೊಡುತ್ತದೆ ಎಂದು. ಬರೆದವರಿಗೆ ತಮ್ಮ ಮೈ ಬಗ್ಗೆ ಒಳ್ಳೆಯ ಭಾವನೆ ಹೆಚ್ಚಿತು, ತಮ್ಮನ್ನು ಹೊರಗಿನವರ ಕಣ್ಣಿನಿಂದ ನೋಡಿಕೊಳ್ಳುವುದು ಕಡಿಮೆಯಾಯಿತು. ಇದು ಖರ್ಚಿಲ್ಲದ ಕೆಲಸ. ಮಳೆಯಲ್ಲಿ ತೋಟದ ಸಂಕ ದಾಟುವ ಕಾಲು, ಬಸ್ಸಿನಲ್ಲಿ ನಿಂತು ಶಿರಸಿ ತನಕ ಬರುವ ಬೆನ್ನು, ಅಪ್ಪೆಹುಳಿಗೆ ಹುಳಿ ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವ ನಾಲಿಗೆ. ಎಲ್ಲ ಬರೆಯಿರಿ. ಮೊದಲ ಸಲ ಮುಟ್ಟು ಮುಗಿದ ವಾರ ಬರೆದುಬಿಡಿ, ಆಗ ಸುಲಭ.

ಊಟದ ಬಗ್ಗೆ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ರಾತ್ರಿ ಊಟ ಬಿಡುವುದನ್ನು ನಿಲ್ಲಿಸಿ. ಆ ವಾರ ಮೈ ಸ್ವಲ್ಪ ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ, ಹಸಿವೂ ಜಾಸ್ತಿ ಆಗುತ್ತದೆ. ಆಗಲೇ ಊಟ ಬಿಟ್ಟರೆ ಮೂರನೇ ದಿನ ಸಿಕ್ಕಿದ್ದೆಲ್ಲ ತಿನ್ನುವಂತೆ ಆಗುತ್ತದೆ. ಅದು ನಿಮ್ಮ ಮನಸ್ಸು ಗಟ್ಟಿಯಿಲ್ಲ ಎಂದಲ್ಲ, ಉಪವಾಸದ ಫಲ. ಆಮೇಲೆ ನಾಚಿಕೆ, ಮತ್ತೆ ಊಟ ಬಿಡುವುದು. ಹೀಗೇ ಸುತ್ತುತ್ತದೆ. ಕುಚ್ಚಲಕ್ಕಿ ಗಂಜಿ, ತಂಬುಳಿ, ಪಲ್ಯ, ಬೇಳೆ, ಹಣ್ಣು, ಹೊತ್ತು ಹೊತ್ತಿಗೆ ತಿನ್ನಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದರೆ ಒಳ್ಳೆಯದೇ, ಆದರೆ ಉಪ್ಪು ಬಿಟ್ಟ ಮಾತ್ರಕ್ಕೆ ಊತ ಮಾಯವಾಗುತ್ತದೆ ಎಂದು ಕಾಯಬೇಡಿ. ಕ್ಯಾಲ್ಸಿಯಂಗೆ ಆಧಾರ ಇದೆ. 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ, ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಂಡವರಿಗೆ ಮೂರನೇ ಚಕ್ರದ ಹೊತ್ತಿಗೆ ತೊಂದರೆ ಸುಮಾರು ಅರ್ಧ ಇಳಿಯಿತು. ಔಷಧಿಯಿಲ್ಲದ ಮಾತ್ರೆ ತೆಗೆದುಕೊಂಡವರಿಗೆ ಇಳಿದದ್ದು 30%. ಹಾಲು, ಮಜ್ಜಿಗೆ, ರಾಗಿ, ಎಳ್ಳು, ತಿನ್ನುವವರಾದರೆ ಮುಳ್ಳು ಸಮೇತ ಅಗಿಯುವ ಸಣ್ಣ ಮೀನು. ಮಾತ್ರೆ ಬೇಕಾ ಎನ್ನುವುದನ್ನು ನಿಮ್ಮ ವೈದ್ಯರು ಹೇಳಲಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕರುಳಿಗೂ ಮನಸ್ಸಿಗೂ ಒಳ್ಳೆಯದು.

ಕೆಲವು ಸಂದರ್ಭದಲ್ಲಿ ಇಷ್ಟು ಸಾಲುವುದಿಲ್ಲ. ಆ ವಾರ ಕೆಲಸಕ್ಕೆ ಹೋಗಲಾಗದಷ್ಟು ಮಂಕು, ಮನೆಯವರ ಜೊತೆ ಸಂಬಂಧವೇ ಹಾಳಾಗುವಷ್ಟು ಸಿಟ್ಟು, ಬದುಕೇ ಬೇಡ ಎನಿಸುವುದು, ಮುಟ್ಟು ಶುರುವಾದ ಕೆಲವೇ ದಿನದಲ್ಲಿ ಅದು ಬಿಟ್ಟುಹೋಗುವುದು. ಇದಕ್ಕೆ ಪಿಎಂಡಿಡಿ ಎನ್ನುತ್ತಾರೆ. ಮಾನಸಿಕ ಕಾಯಿಲೆಗಳ ಅಮೆರಿಕದ ಕೈಪಿಡಿಯಲ್ಲಿ 2013ರಿಂದ ಇದಕ್ಕೆ ಸ್ವಂತ ಸ್ಥಾನ ಇದೆ. ಪತ್ತೆ ಮಾಡಲು ಎರಡು ಚಕ್ರದ ದಿನಚರಿ ಬೇಕು, ನೋಟ್‌ಬುಕ್ ಬೇಕು ಎಂದದ್ದು ಅದಕ್ಕೇ. ಒಳ್ಳೆಯ ಔಷಧಿಗಳಿವೆ, ಕೆಲವರಿಗೆ ತಿಂಗಳಲ್ಲಿ ಎರಡು ವಾರ ಮಾತ್ರ ತಗೊಂಡರೂ ಸಾಕಾಗುತ್ತದೆ. ಬದುಕು ಬೇಡ ಎಂಬ ಯೋಚನೆ ಬಂದರೆ ನೋಟ್‌ಬುಕ್ ತುಂಬುವ ತನಕ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ಊಟ ಬಿಡುವುದು ತಿಂಗಳಿಡೀ ನಡೆಯುವುದು, ಊತ ಮುಟ್ಟು ಮುಗಿದರೂ ಇಳಿಯದಿರುವುದು, ಚಕ್ರ 35 ದಿನ ದಾಟುತ್ತಲೇ ಇರುವುದು, ಗಂಟೆಗೊಂದು ಪ್ಯಾಡ್ ತೋಯುವುದು. ಇವುಗಳಲ್ಲಿ ಯಾವುದು ಇದ್ದರೂ ವೈದ್ಯರನ್ನು ಕಾಣಿ. ಥೈರಾಯ್ಡ್, ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ), ರಕ್ತಹೀನತೆ ನೋಡಬೇಕಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಸುಸ್ತು ಎಂದರೆ ಮೊದಲು ಹಿಮೋಗ್ಲೋಬಿನ್ ನೋಡಿಸುವುದು ನನ್ನ ಅಭ್ಯಾಸ.

ಇನ್ನು ಮದುವೆ, ಮಾತ್ರೆ. ಮದುವೆ ಸೀಸನ್ ಬಂದರೆ, ಮಾರಿಕಾಂಬಾ ಜಾತ್ರೆ ಬಂದರೆ ಈ ಮಾತ್ರೆ ಕೇಳಿಕೊಂಡು ಬರುವವರು ಜಾಸ್ತಿ. ಅಂಗಡಿಯಿಂದ ನೇರ ತಗೊಂಡು ನುಂಗುವವರು ಇನ್ನೂ ಜಾಸ್ತಿ. ಸಾಮಾನ್ಯವಾಗಿ ಕೊಡುವುದು ನೊರೆಥಿಸ್ಟರಾನ್ 5 ಮಿಲಿಗ್ರಾಂ. ಡೇಟ್‌ಗೆ ಮೂರು ದಿನ ಮುಂಚೆ ಶುರು ಮಾಡಿ ದಿನಕ್ಕೆ ಮೂರು ಸಲ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಇದು ಪ್ರೊಜೆಸ್ಟರಾನ್ ಥರವೇ ಕೆಲಸ ಮಾಡುತ್ತದೆ. ಅಂದರೆ ನೀವು ದ್ವೇಷಿಸುವ ಆ ವಾರವನ್ನೇ ಎಳೆದು ಉದ್ದ ಮಾಡಿದ ಹಾಗೆ. ಹೊಟ್ಟೆ ಉಬ್ಬರ, ಎದೆ ನೋವು, ಬೇಸರ ಮದುವೆ ದಿನವೂ ಇರಬಹುದು. ಈ ಮಾತನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ಮುಟ್ಟಿನ ಮೊದಲ ದಿನ ವಿಪರೀತ ನೋವು, ಜೋರು ರಕ್ತ ಇದ್ದರೆ ಒಂದು ಸಲಕ್ಕೆ ತಗೊಳ್ಳಬಹುದು. ಆದರೆ ವೈದ್ಯರು ನೋಡಿಯೇ ಕೊಡಬೇಕು. ನಿಮಗಾಗಲಿ ಮನೆಯವರಿಗಾಗಲಿ ರಕ್ತ ಹೆಪ್ಪುಗಟ್ಟಿದ ತೊಂದರೆ ಆಗಿದ್ದರೆ, ಕಣ್ಣ ಮುಂದೆ ಬೆಳಕು ಮಿಂಚಿ ಬರುವ ಮೈಗ್ರೇನ್ ಇದ್ದರೆ, ಲಿವರ್ ತೊಂದರೆ ಇದ್ದರೆ, ಗರ್ಭದ ಸಂಶಯ ಇದ್ದರೆ ಮೊದಲೇ ಹೇಳಿ. ಡೇಟ್‌ಗೆ ಎರಡು ಮೂರು ವಾರ ಇರುವಾಗಲೇ ಹೋಗಿ, ಹಿಂದಿನ ದಿನ ಅಲ್ಲ. ನೋವಿಲ್ಲ, ಬರೀ "ಹೊರಗಾದರೆ ಮಂಟಪಕ್ಕೆ ಬರುವ ಹಾಗಿಲ್ಲ" ಎನ್ನುವುದಕ್ಕೆ ಮಾತ್ರೆ ಎಂದಾದರೆ, ನಾನು ಬೇಡ ಎನ್ನುತ್ತೇನೆ. ತಂಗಿ ಮುಟ್ಟಾಗಿದ್ದಾಳೆ ಎಂದು ಅಣ್ಣನ ಮದುವೆಗೆ ಏನೂ ಆಗುವುದಿಲ್ಲ. ಇದನ್ನು ಮನೆಯಲ್ಲಿ ನೀವೊಬ್ಬರೇ ಹೇಳುವುದು ಕಷ್ಟ, ಅದು ಗೊತ್ತು. ಅಣ್ಣನಿಗೆ ಮೊದಲು ಹೇಳಿ ನೋಡಿ. ಎಷ್ಟೋ ಮನೆಯಲ್ಲಿ ಗಂಡುಮಕ್ಕಳು "ಅವಳು ಪಕ್ಕದಲ್ಲೇ ಇರಲಿ" ಎಂದ ಮೇಲೆ ಹಿರಿಯರೂ ಸುಮ್ಮನಾಗಿದ್ದಾರೆ. ಆದರೂ ಕೊನೆಗೆ ತಗೊಳ್ಳಬೇಕಾ ಬೇಡವಾ ಎನ್ನುವುದು ನಿಮ್ಮದೇ ನಿರ್ಧಾರ. ಯಾವುದಾದರೂ ನಿಮ್ಮ ಮೇಲೆ ಬೇಸರ ಪಟ್ಟುಕೊಳ್ಳಬೇಡಿ.

ಬ್ಲೌಸ್ ಹೊಲಿಸುವುದಿದ್ದರೆ ಅಳತೆಯನ್ನು ಮುಟ್ಟಿಗೆ ಮುಂಚಿನ ವಾರವೇ ಕೊಡಿ. ಎದೆ, ಸೊಂಟದ ಹತ್ತಿರ ಒಳಗೆ ಒಂದು ಇಂಚು ಬಟ್ಟೆ ಬಿಡಲು ದರ್ಜಿಗೆ ಹೇಳಿ. ಹೊನ್ನಾವರದ ಸೆಕೆಯಲ್ಲಿ ಅದು ಹೇಗೂ ಬೇಕಾಗುತ್ತದೆ.